ಬೆಟ್ಟ ಕಾಯುವವರನ್ನು ಕಾಯುವವರಾರು?

ನಮ್ಮ ಹಿರಿಯರು ಒಬ್ಬ ಮನುಷ್ಯನನ್ನು ಮನಸಾರೆ ಹೊಗಳಬೇಕಾದರೆ ಆತನನ್ನು 'ಸದ್ಗುಣಗಳ ಗಣಿ' ಎನ್ನುತ್ತಿದ್ದರು. ವಿದ್ಯೆಯ ಗಣಿ, ಕರುಣೆಯ ಗಣಿ ಎಂಬ ಮಾತುಗಳು ಸನ್ಮಾನಪತ್ರಗಳಲ್ಲಿ ಈಗಲೂ ಉಳಿದುಕೊಂಡಿವೆ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಕನ್ನಡ ನಾಡಿನ ಆಡುಮಾತಿನಲ್ಲಿ ಈ ಪದಕ್ಕೆ ಬೇರೊಂದು ಅರ್ಥವು ಅಂಟಿಕೊಂಡಿದೆ. 'ಗಣಿ ಧಣಿ' ಎಂದೊಡನೆ ಕೆಂಪು ಧೂಳು, ಸಾಲುಗಟ್ಟಿ ನಿಂತ ಲಾರಿಗಳು, ಹೆಲಿಕಾಪ್ಟರು, ಚುನಾವಣೆಯ ಹಣ ಇವೆಲ್ಲ ಕಣ್ಣೆದುರಿಗೆ ಬರುತ್ತವೆ. ಒಳ್ಳೆಯ ಶಬ್ದವೊಂದು ಹೀಗೆ ಕುಲಗೆಡಬೇಕಾದರೆ ಅದರ ಹಿಂದೆ ಬಹಳ ಜನರ ಅನುಭವವಿರಲೇಬೇಕು.

ಇಲ್ಲಿ ಬರೆಯಹೊರಟಿರುವುದು ಆ ಧಣಿಗಳ ಐಶ್ವರ್ಯವನ್ನು ಕುರಿತಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಎದುರಿಗೆ ಕೈಯಲ್ಲಿ ಒಂದು ಅರ್ಜಿಯನ್ನು ಹಿಡಿದು ನಿಂತ ಸಾಮಾನ್ಯ ಮನುಷ್ಯರನ್ನು ಕುರಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ೨೦೧೯ರ ಮಾರ್ಚ್ ತಿಂಗಳಲ್ಲಿ ಇಂಥವರ ಸಲುವಾಗಿಯೇ ಒಂದು ಠರಾವನ್ನು ಅಂಗೀಕರಿಸಿ, ಇವರನ್ನು ಪರಿಸರ ಸಂಬಂಧದ ಮಾನವ ಹಕ್ಕುಗಳ ರಕ್ಷಕರೆಂದು ಕರೆಯಿತು. ಹೆಸರು ಸ್ವಲ್ಪ ಉದ್ದವಾಯಿತು. ಊರಿನಲ್ಲಿ ಇವರಿಗಿರುವ ಹೆಸರುಗಳು ಚಿಕ್ಕವು: ತಕರಾರಿನವನು, ಅರ್ಜಿ ಗಿರಾಕಿ, ಅಭಿವೃದ್ಧಿಯ ಶತ್ರು. ಇನ್ನೂ ಮುಂದೆ ಹೋದರೆ ದೇಶದ್ರೋಹಿ. ಗ್ಲೋಬಲ್ ವಿಟ್ನೆಸ್ ಎಂಬ ಸಂಸ್ಥೆಯು ಜಗತ್ತಿನ ನಾನಾ ದೇಶಗಳಲ್ಲಿ ನೆಲ, ನೀರು, ಕಾಡುಗಳ ಪರವಾಗಿ ನಿಂತು ಪ್ರಾಣ ತೆತ್ತವರ ಲೆಕ್ಕವನ್ನು ವರ್ಷವರ್ಷವೂ ಇಡುತ್ತದೆ. ೨೦೧೨ರಿಂದ ೨೦೨೩ರ ಕೊನೆಯವರೆಗೆ ಆ ಲೆಕ್ಕವು ೨,೧೦೦ನ್ನು ಮೀರಿತ್ತು. ೨೦೨೩ ಒಂದೇ ವರ್ಷದಲ್ಲಿ ೧೯೬ ಮಂದಿ. ಯಾವ ಉದ್ಯಮಕ್ಕೆ ಎದುರಾದದ್ದರಿಂದ ಸತ್ತರೆಂಬುದು ಗೊತ್ತಾದ ಕಡೆಗಳಲ್ಲಿ ಗಣಿಗಾರಿಕೆಯದೇ ಮೊದಲ ಸ್ಥಾನ. ಇದು ಹೊರಗೆ ಬಂದ ಲೆಕ್ಕ ಮಾತ್ರ. ಕಾಡಿನ ನಡುವಿನ ಹಳ್ಳಿಯಲ್ಲಿ ಸತ್ತವನ ಸುದ್ದಿಯು ಪತ್ರಿಕೆಯವರೆಗೆ ಬರುವುದೇ ಒಂದು ಭಾಗ್ಯವೆಂಬುದನ್ನು ವಾಚಕರು ಬಲ್ಲರು.

ಲೆಕ್ಕಗಳು ಮನಸ್ಸಿಗೆ ನಾಟುವುದಿಲ್ಲ. ಆದುದರಿಂದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡೋಣ. ಅದು ದೂರದ ಬ್ರೆಜಿಲಿನದಲ್ಲ. ಮುಂಬಯಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ತಲುಪುವ ಅಹಮದಾಬಾದಿನದು.

ಗುಜರಾತಿನ ಗಿರ್ ಅರಣ್ಯವು ಸಿಂಹಗಳ ನೆಲೆ. ಏಷ್ಯಾ ಖಂಡದ ಸಿಂಹವು ಕಾಡಿನಲ್ಲಿ ಉಳಿದಿರುವುದು ಆ ಸೌರಾಷ್ಟ್ರದ ನೆಲದಲ್ಲಿ ಮಾತ್ರ. ಆ ಕಾಡಿನ ಅಂಚಿನಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಅಭಯಾರಣ್ಯದಿಂದ ಐದು ಕಿಲೋಮೀಟರುಗಳ ಒಳಗೆ ಕಲ್ಲು ತೆಗೆಯಕೂಡದೆಂದಿದ್ದರೂ ಅಲ್ಲಿ ರಾಜಾರೋಷವಾಗಿ ತೆಗೆಯುತ್ತಿದ್ದರು. ಖಾಂಭಾ ಎಂಬ ಊರಿನ ಅಮಿತ್ ಜೇಠ್ವಾ ಎಂಬ ತರುಣನು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಕಾಗದಗಳನ್ನು ತೆಗೆಸಿ, ೨೦೧೦ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಹಾಕಿದನು. ಆತನು ದೊಡ್ಡ ಮನೆತನದವನಲ್ಲ, ದೊಡ್ಡ ಪಕ್ಷದವನೂ ಅಲ್ಲ. ಅದೇ ವರ್ಷದ ಜುಲೈ ೨೦ರಂದು ತನ್ನ ವಕೀಲರನ್ನು ಕಂಡು ಹೊರಗೆ ಬರುತ್ತಿದ್ದವನನ್ನು, ಉಚ್ಚ ನ್ಯಾಯಾಲಯದ ಎದುರಿನಲ್ಲಿಯೇ, ಗುಂಡಿಕ್ಕಿ ಕೊಂದರು. ನ್ಯಾಯವನ್ನು ಕೇಳಲು ಹೋದವನಿಗೆ ನ್ಯಾಯಾಲಯದ ಬಾಗಿಲಿನಲ್ಲಿ ಸಾವು ಕಾದಿತ್ತು.

ಮುಂದಿನ ಕಥೆಯು ಕೊಲೆಗಿಂತಲೂ ಹೆಚ್ಚು ಯೋಚಿಸತಕ್ಕದ್ದು. ಮಗನನ್ನು ಕಳೆದುಕೊಂಡ ತಂದೆಯು ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿ ಹತ್ತಿ, ೨೦೧೨ರಲ್ಲಿ ತನಿಖೆಯು ರಾಜ್ಯದ ಪೊಲೀಸರಿಂದ ಸಿ.ಬಿ.ಐ.ಗೆ ಹೋಗುವಂತೆ ಮಾಡಿದರು. ೨೦೧೩ರಲ್ಲಿ ಒಬ್ಬ ಲೋಕಸಭಾ ಸದಸ್ಯರ ಬಂಧನವಾಯಿತು. ವಿಚಾರಣೆ ನಡೆಯಿತು, ಆದರೆ ೧೯೫ ಸಾಕ್ಷಿಗಳಲ್ಲಿ ೧೦೫ ಮಂದಿ ಕಟ್ಟೆಯೇರಿ ಮಾತು ತಿರುಗಿಸಿದರು. ಅರ್ಧಕ್ಕಿಂತ ಹೆಚ್ಚು! ಇದನ್ನು ಕಂಡ ಉಚ್ಚ ನ್ಯಾಯಾಲಯವು ೨೦೧೭ರಲ್ಲಿ ಮರುವಿಚಾರಣೆಗೆ ಆಜ್ಞೆಯನ್ನಿತ್ತಿತು. ೨೦೧೯ರ ಜುಲೈಯಲ್ಲಿ ಏಳು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ೨೦೨೪ರ ಮೇ ತಿಂಗಳಲ್ಲಿ ಅದೇ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದು ಮಾಡಿ ಎಲ್ಲರನ್ನೂ ಬಿಡುಗಡೆ ಮಾಡಿತು. ತನಿಖೆಯು ಮೊದಲಿನಿಂದಲೂ ಸತ್ಯವನ್ನು ಹೂಳುವ ರೀತಿಯಲ್ಲಿ ನಡೆದಿತ್ತೆಂಬ ಅರ್ಥದ ಕಠಿಣ ಮಾತುಗಳನ್ನೂ ಆಡಿತು. ಬಿಡುಗಡೆಯಾದವರು ಕಾನೂನಿನ ದೃಷ್ಟಿಯಲ್ಲಿ ನಿರ್ದೋಷಿಗಳು. ಅವರನ್ನು ಕುರಿತು ನಾವು ಏನನ್ನೂ ಹೇಳತಕ್ಕದ್ದಲ್ಲ. ಆದರೆ ಹಾಡುಹಗಲಿನಲ್ಲಿ ಒಬ್ಬ ಮನುಷ್ಯನು ಸತ್ತದ್ದು ನಿಜ. ಹದಿನಾಲ್ಕು ವರ್ಷಗಳ ತರುವಾಯ ಅವನನ್ನು ಕೊಲ್ಲಿಸಿದವರಾರೆಂಬ ಪ್ರಶ್ನೆಗೆ ನ್ಯಾಯಾಲಯದ ಕಡತದಲ್ಲಿ ಉತ್ತರವಿಲ್ಲದಂತಾಯಿತು. ಗಿರ್ ಸೀಮೆಯ ಇನ್ನೊಬ್ಬ ತರುಣನು ಅರ್ಜಿ ಬರೆಯಲು ಕೂತಾಗ ಮನೆಯವರು ಅವನಿಗೆ ಏನು ಹೇಳಿಯಾರು? ಕೊಲೆಗಾರನಿಗೆ ಬೇಕಾದದ್ದು ಒಂದು ಪ್ರಾಣವಲ್ಲ, ಆ ಒಂದು ಪ್ರಾಣದಿಂದ ಸಾವಿರ ಬಾಯಿಗಳಿಗೆ ಬೀಳುವ ಬೀಗ.

ಈ ಬಗೆಯ ಸಾವುಗಳು ಬೇರೆ ಕಡೆಗಳಲ್ಲಿಯೂ ಆಗಿವೆ. ಝಾರ್ಖಂಡದ ಪಾಕುಡ ಜಿಲ್ಲೆಯಲ್ಲಿ ಸಂತಾಲರ ನಡುವೆ ಬಾಳಿ, ಕಲ್ಲಿದ್ದಲ ಗಣಿಗೆ ನೆಲ ಕಳೆದುಕೊಂಡವರ ಪರವಾಗಿ ನಿಂತ ಕೇರಳದ ಕ್ರೈಸ್ತ ಸನ್ಯಾಸಿನಿ ವಲ್ಸಾ ಜಾನ್ ಅವರನ್ನು ೨೦೧೧ರ ನವೆಂಬರ್ ೧೫ರ ರಾತ್ರಿ ಮನೆಗೆ ನುಗ್ಗಿ ಕೊಂದರು. ದಿಲ್ಲಿಯ ಮಗ್ಗುಲಿನ ನೋಯಿಡಾದಲ್ಲಿ ಯಮುನೆಯ ಮರಳಿನ ಕಳವನ್ನು ವಿರೋಧಿಸಿದ ರಾಯಪುರ ಖಾದರ್ ಗ್ರಾಮದ ಪಾಲೇರಾಮ್ ಚೌಹಾಣ್ ಎಂಬ ರೈತರನ್ನು ೨೦೧೩ರ ಜುಲೈ ೩೧ರಂದು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅಧಿಕಾರಿಯ ಸಮವಸ್ತ್ರವೂ ಕಾಪಾಡುವುದಿಲ್ಲ: ಮಧ್ಯಪ್ರದೇಶದ ಮೊರೇನಾದಲ್ಲಿ ಕದ್ದ ಕಲ್ಲನ್ನು ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರನ್ನು ತಡೆಯಹೋದ ಐ.ಪಿ.ಎಸ್. ಅಧಿಕಾರಿ ನರೇಂದ್ರಕುಮಾರರು ೨೦೧೨ರ ಮಾರ್ಚ್ ೮ರಂದು ಅದೇ ಟ್ರ್ಯಾಕ್ಟರಿನ ಚಕ್ರಗಳಿಗೆ ಸಿಕ್ಕಿ ಮಡಿದರು. ನಮ್ಮ ಕುಂದಾಪುರದವರಿಗೆ ಇದು ಪರನಾಡಿನ ಕಥೆಯೆನಿಸಬೇಕಾಗಿಲ್ಲ. ೨೦೧೭ರ ಏಪ್ರಿಲ್ ಮೊದಲ ವಾರದಲ್ಲಿ ಕಂಡ್ಲೂರಿನ ಹೊಳೆಯ ದಂಡೆಯಲ್ಲಿ ಅಕ್ರಮ ಮರಳುಗಾರಿಕೆಯನ್ನು ಹಿಡಿಯಲು ರಾತ್ರಿಯ ಹೊತ್ತು ಹೋದ ಉಡುಪಿಯ ಜಿಲ್ಲಾಧಿಕಾರಿ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿಯವರ ಮೇಲೆ, ಇಬ್ಬರೂ ಮಹಿಳೆಯರು, ಹಲ್ಲೆಯಾಯಿತು. ಜಿಲ್ಲೆಯ ಅತ್ಯುನ್ನತ ಅಧಿಕಾರಿಗೇ ಹೀಗಾದರೆ ಹೊಳೆಯ ಬದಿಯಲ್ಲಿ ಒಂದೆಕರೆ ಗದ್ದೆಯಿಟ್ಟುಕೊಂಡು 'ನಮ್ಮ ಬಾವಿಗೆ ಉಪ್ಪುನೀರು ಬಂತು, ಮರಳು ತೆಗೆಯಬೇಡಿ' ಎನ್ನುವ ಮುದುಕನ ಪಾಡೇನು?

ಕೊಲೆಯೆಂಬುದು ಕೊನೆಯ ಅಸ್ತ್ರ. ಅದಕ್ಕಿಂತ ಮೊದಲು ಬಳಸುವ ಅಸ್ತ್ರಗಳು ಹಲವಾರಿವೆ. ರಕ್ತ ಬೀಳದೆ ಇರುವುದರಿಂದ ಅವು ಪತ್ರಿಕೆಯ ಮೊದಲ ಪುಟಕ್ಕೆ ಬರುವುದಿಲ್ಲ. ಮೊಕದ್ದಮೆಯನ್ನೇ ನೋಡಿ. ಗೋವೆಯಲ್ಲಿ ಕಬ್ಬಿಣದ ಗಣಿಗಳನ್ನು ಕುರಿತು ಬರೆಯುತ್ತಿದ್ದ ಒಬ್ಬ ಕಾರ್ಯಕರ್ತರ ಮೇಲೆ ೨೦೦೮ರಲ್ಲಿ ಗಣಿ ಕಂಪನಿಯೊಂದು ೫೦೦ ಕೋಟಿ ರೂಪಾಯಿಗಳ ಮಾನನಷ್ಟದ ದಾವೆಯನ್ನು ಹೂಡಿತು. ಎಲ್ಲಿ? ಪಣಜಿಯಲ್ಲಲ್ಲ, ಕಲ್ಕತ್ತೆಯಲ್ಲಿ! ಪ್ರತಿ ತಾರೀಖಿಗೂ ದೇಶದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹೋಗಿ ಬರುವ ರೈಲು ಖರ್ಚಿನಲ್ಲಿಯೇ ಸಾಮಾನ್ಯ ಮನುಷ್ಯನು ಸೋತುಹೋಗುತ್ತಾನೆ. ತೀರ್ಪು ಏನಾದರೂ ಆಗಲಿ, ಶಿಕ್ಷೆಯಂತೂ ಮೊದಲ ದಿನದಿಂದಲೇ ಆರಂಭವಾಗುತ್ತದೆ. ಅದೇ ಗೋವೆಯ ಸೋನಶಿ ಎಂಬ ಹಳ್ಳಿಯ ಜನರು ೨೦೧೭ರಲ್ಲಿ ತಮ್ಮ ಬಾಗಿಲಿನ ಮುಂದೆ ದಿನವೂ ಹಾಯುವ ಅದಿರಿನ ಲಾರಿಗಳನ್ನು ತಡೆದರು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಸೆರೆಮನೆಗೆ ತಳ್ಳಿದರು. ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೊಂದರು ತಮ್ಮ ದೇವರ ಬೆಟ್ಟವನ್ನು ಬಾಕ್ಸೈಟಿಗಾಗಿ ಅಗೆಯಬಾರದೆಂದು ಹಠ ಹಿಡಿದರಷ್ಟೆ. ಆ ಸೀಮೆಯಲ್ಲಿ ೨೦೨೩ರ ಆಗಸ್ಟಿನಲ್ಲಿ ಒಂಬತ್ತು ಮಂದಿಯ ಮೇಲೆ ಭಯೋತ್ಪಾದಕರಿಗಾಗಿ ಮಾಡಿದ ಯು.ಎ.ಪಿ.ಎ. ಕಾಯಿದೆಯನ್ನೇ ಹೇರಿ, ಗದ್ದಲವಾದ ಮೇಲೆ ಆ ಕಲಮನ್ನು ಕೈಬಿಟ್ಟರು. ಕೈಬಿಟ್ಟರೇನು? ಆ ಹೆಸರು ಒಮ್ಮೆ ಪೊಲೀಸು ಠಾಣೆಯ ಪುಸ್ತಕದಲ್ಲಿ ಬಿದ್ದ ಮೇಲೆ ಊರಿನ ಅಂಗಡಿಯವನೂ ಉದ್ದರಿ ಕೊಡಲು ಹಿಂದೆಮುಂದೆ ನೋಡುತ್ತಾನೆ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. 'ನಾವು ಊರು ಬಿಟ್ಟು ಬಂದವರು, ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವರು, ಇಲ್ಲವೇ ಹತ್ತರಿಂದ ಆರರವರೆಗೆ ಕಡತಗಳಲ್ಲಿ ಮುಖವಿಟ್ಟು ಕೂರುವವರು. ಗಣಿಯ ಗೊಡವೆ ನಮಗೇಕೆ?' ಎಂದು ಕೇಳುವವರಿದ್ದಾರೆ. ಕುದುರೆಮುಖದ ಕಥೆಯು ಅವರಿಗೆ ಉತ್ತರವಾದೀತು.

ಕುದುರೆಮುಖದ ಬೆಟ್ಟಗಳಲ್ಲಿ ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರು ಮಳೆ ಬೀಳುತ್ತದೆ. ಅಲ್ಲಿಯ ಗಂಗಾಮೂಲದ ಸೀಮೆಯಲ್ಲಿಯೇ ತುಂಗೆ, ಭದ್ರೆ, ನೇತ್ರಾವತಿಗಳ ಹುಟ್ಟು. ಆ ಬೆಟ್ಟದ ಕಬ್ಬಿಣದ ಅದಿರನ್ನು ತೆಗೆಯಲು ೧೯೭೬ರಲ್ಲಿ ಕೇಂದ್ರ ಸರಕಾರವು ಒಂದು ಕಂಪನಿಯನ್ನು ಕಟ್ಟಿತು. ಇರಾನಿನ ಷಹನಿಗೆ ಅದಿರು ಮಾರುವುದೆಂದು ಒಪ್ಪಂದವಾಗಿತ್ತು. ಷಹನ ಸಿಂಹಾಸನವು ೧೯೭೯ರಲ್ಲಿ ಉರುಳಿತು, ಗಣಿ ಮಾತ್ರ ಉಳಿಯಿತು. ಬೆಟ್ಟವನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಹಾಳುಮಣ್ಣನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಅಗೆದ ಬೆಟ್ಟದ ಮಣ್ಣು ಅಷ್ಟೊಂದು ಮಳೆಯಲ್ಲಿ ಎಲ್ಲಿ ನಿಂತೀತು? ಭದ್ರೆಯಲ್ಲಿ ಇಳಿಯಿತು. ಭದ್ರೆಯೆಂದರೆ ಶಿವಮೊಗ್ಗ, ದಾವಣಗೆರೆಗಳ ಬತ್ತದ ಗದ್ದೆ, ಅಡಿಕೆಯ ತೋಟ. ಅದು ತುಂಗೆಯನ್ನು ಕೂಡಿಕೊಂಡ ಮೇಲೆ ಹೊಸಪೇಟೆಯ ಅಣೆಕಟ್ಟು, ಅದರಾಚೆಗೆ ರಾಯಚೂರು, ಕೊಪ್ಪಳ. ಮಲೆನಾಡಿನ ಒಂದು ಬೆಟ್ಟದ ನೋವು ಬಯಲುಸೀಮೆಯವರೆಗೆ ಹರಿಯುತ್ತದೆ.

೧೯೯೯ರಲ್ಲಿ ಗಣಿಯ ಗುತ್ತಿಗೆ ಮುಗಿಯಿತು. ಇನ್ನೂ ಇಪ್ಪತ್ತು ವರ್ಷ ಬೇಕೆಂದು ಕಂಪನಿ ಕೇಳಿತು. ಆಗ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಕೊಡಗಿನ ಕೆ.ಎಂ. ಚಿಣ್ಣಪ್ಪನವರು ಹಾಗೂ ವೈಲ್ಡ್‌ಲೈಫ್ ಫಸ್ಟ್ ಎಂಬ ಸಂಘದ ಅವರ ಜೊತೆಗಾರರು. ಚಿಣ್ಣಪ್ಪನವರು ನಾಗರಹೊಳೆಯಲ್ಲಿ ರೇಂಜರಾಗಿದ್ದವರು. ಕಳ್ಳಬೇಟೆಗಾರರ ಎದುರು ನಿಂತುದಕ್ಕಾಗಿ ೧೯೮೮ರಲ್ಲಿ ಕೊಲೆಯ ಆರೋಪ ಹೊತ್ತು ಸೆರೆಯಾಗಿದ್ದವರು. ಆರೋಪದಿಂದ ಮುಕ್ತರಾಗಿ ಮತ್ತೆ ಅದೇ ಕಾಡಿಗೆ ಹೋದವರು. ಅಂಥ ಮನುಷ್ಯನನ್ನು ಹೆದರಿಸುವುದು ಸುಲಭವಲ್ಲ. ೨೦೦೨ರ ಅಕ್ಟೋಬರ್ ೩೦ರಂದು ತೀರ್ಪು ಬಂತು. ೨೦೦೫ರ ಡಿಸೆಂಬರ್ ೩೧ಕ್ಕೆ ಗಣಿ ನಿಂತಿತು. ೨೦೧೨ರಲ್ಲಿ ಪಶ್ಚಿಮ ಘಟ್ಟದ ಆಯ್ದ ಭಾಗಗಳು ವಿಶ್ವ ಪರಂಪರೆಯ ತಾಣಗಳಾದಾಗ ಕುದುರೆಮುಖವೂ ಆ ಪಟ್ಟಿಯಲ್ಲಿತ್ತು. ಚಿಣ್ಣಪ್ಪನವರು ೨೦೨೪ರ ಫೆಬ್ರವರಿಯಲ್ಲಿ ತೀರಿಕೊಂಡರು. ಭದ್ರೆಯ ನೀರು ಕುಡಿಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತೋ!

ಬಳ್ಳಾರಿಯ ಕಥೆ ಇನ್ನೂ ದೊಡ್ಡದು. ಚೀನದಲ್ಲಿ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಏರಿದ ಕಾಲದಲ್ಲಿ ಸಂಡೂರು, ಹೊಸಪೇಟೆಗಳ ಬೆಟ್ಟಗಳನ್ನು ಹಗಲಿರುಳು ಕಡಿದರು. ರಾಜ್ಯಗಳ ಗಡಿಯ ಗುರುತುಗಳೇ ಮಾಯವಾದುವು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯನ್ನು ೨೦೦೬ರಲ್ಲಿ ಸಿಡಿಮದ್ದಿಟ್ಟು ಹಾರಿಸಿದರು, ದೇವರಿಗೂ ಬಿಡಲಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು, ನಮ್ಮ ನಿಟ್ಟೆಯ ಕಡೆಯ ಮನೆತನದವರು, ೨೦೦೮ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ ೨೦೧೧ರ ಜುಲೈ ೨೭ರಂದು ಎರಡನೆಯದನ್ನೂ ಕೊಟ್ಟರು. ಬೊಕ್ಕಸಕ್ಕೆ ಆದ ನಷ್ಟವು ೧೬,೦೮೫ ಕೋಟಿ ರೂಪಾಯಿಗಳೆಂದು ಎರಡನೆಯ ವರದಿಯಲ್ಲಿದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ೨೦೦೯ರಲ್ಲಿಯೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದರು. ೨೦೧೧ರ ಜುಲೈ ೨೯ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸುವ ಆಜ್ಞೆ ಹೊರಟಿತು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಲ್ಲಿ ೪೯ ಗುತ್ತಿಗೆಗಳು ರದ್ದಾದುವು. ವಿಚಿತ್ರವೆಂದರೆ, ಅದೇ ದಿನವೇ ಅದೇ ನ್ಯಾಯಾಲಯವು ನಿಯಮಗಿರಿಯ ಪ್ರಶ್ನೆಯನ್ನು ಅಲ್ಲಿಯ ಗ್ರಾಮಸಭೆಗಳೇ ತೀರ್ಮಾನಿಸಲೆಂದು ಹೇಳಿತು. ಹನ್ನೆರಡು ಗ್ರಾಮಸಭೆಗಳು ಕೂಡಿ ಹನ್ನೆರಡೂ 'ಬೇಡ'ವೆಂದುವು.

ಬಳ್ಳಾರಿಯ ಪ್ರಕರಣದಲ್ಲಿ ಬೇಲೆಕೇರಿಯ ಭಾಗವನ್ನು ಮಾತ್ರ ವಿಶೇಷವಾಗಿ ನೆನೆಯಬೇಕು. ಅಂಕೋಲೆಯ ಈ ಬಂದರಿನಲ್ಲಿ ೨೦೧೦ರಲ್ಲಿ ಅರಣ್ಯ ಇಲಾಖೆಯು ಪರವಾನಿಗೆಯಿಲ್ಲದ ಸುಮಾರು ೮ ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಮಾಲಿನಲ್ಲಿ ಬಹುಭಾಗವು ಬಂದರಿನಿಂದಲೇ ಮಾಯವಾಯಿತು. ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ ಇದು, ಹಡಗುಗಳಲ್ಲಿ ತುಂಬಬೇಕು. ಜಪ್ತಿಯ ಕೆಲಸದಲ್ಲಿ ಮುಂದಿದ್ದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರಿಗೆ ಬಹುಮಾನವಾಗಿ ದೊರೆತದ್ದು ಅಮಾನತ್ತಿನ ಆಜ್ಞೆ! ಇದನ್ನು ಪ್ರತಿಭಟಿಸಿ ಲೋಕಾಯುಕ್ತರು ೨೦೧೦ರ ಜೂನ್ ೨೩ರಂದು ರಾಜೀನಾಮೆಯನ್ನೇ ಕೊಟ್ಟರು. ಹಿರಿಯರ ಒತ್ತಾಯದಿಂದ ಮುಂದೆ ಹಿಂತೆಗೆದುಕೊಂಡರು. ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ಗುಮಾಸ್ತ ಬಂಧುಗಳು ಈ ಸಂಗತಿಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ಸರಿಯಾದ ಟಿಪ್ಪಣಿಯನ್ನು ಬರೆದವನು ವರ್ಗವಾಗುವುದೂ, ಕಣ್ಣು ಮುಚ್ಚಿದವನು ಬಡ್ತಿ ಪಡೆಯುವುದೂ ಅವರು ಕಾಣದ ನಾಟಕವೇನಲ್ಲ. ಗಣಿಯ ವಿರುದ್ಧದ ಹೋರಾಟವು ಬೆಟ್ಟದ ಮೇಲೆ ಮಾತ್ರ ನಡೆಯುವುದಿಲ್ಲ. ಬಹುಪಾಲು ಅದು ಕಡತದ ಮೇಲೆಯೇ ನಡೆಯುತ್ತದೆ. ಒಂದು ಪರವಾನಿಗೆಯ ಚೀಟಿಯಲ್ಲಿ ನಮೂದಿಸಿದ ತೂಕವನ್ನು ಲಾರಿಯ ತೂಕದೊಡನೆ ಹೋಲಿಸಿ ನೋಡುವ ಕೆಳದರ್ಜೆಯ ಗುಮಾಸ್ತನೂ ಒಬ್ಬ ರಕ್ಷಕನೇ. ಅವನಿಗೆ ಯಾವ ಠರಾವಿನ ಆಸರೆಯೂ ಇಲ್ಲ.

ಈಗ ಕೂಲಿಯ ಪ್ರಶ್ನೆ. ಇದನ್ನು ಮುಚ್ಚಿಟ್ಟು ಮಾತನಾಡುವುದು ಪ್ರಾಮಾಣಿಕತೆಯಲ್ಲ. ಗಣಿ ನಿಂತಾಗ ಮೊದಲು ಹೊಟ್ಟೆಯ ಮೇಲೆ ಪೆಟ್ಟು ಬಿದ್ದದ್ದು ಧಣಿಗಳಿಗಲ್ಲ. ಲಾರಿಯ ಚಾಲಕ, ಕ್ಲೀನರು, ಪಂಕ್ಚರು ಹಾಕುವವನು, ರಸ್ತೆಯ ಬದಿಯಲ್ಲಿ ಚಹಾದ ಗೂಡಂಗಡಿಯಿಟ್ಟವನು, ಅದಿರು ಆರಿಸುವ ಹೆಂಗಸರು ಇವರ ಕೆಲಸ ಹೋಯಿತು. ಸಾಲ ಮಾಡಿ ಕೊಂಡ ಲಾರಿಗಳನ್ನು ಬ್ಯಾಂಕುಗಳವರು ಎಳೆದುಕೊಂಡು ಹೋದರು. ಕುದುರೆಮುಖದ ಕಾರ್ಮಿಕರ ಊರೇ ಬರಿದಾಯಿತು. ಅವರ ಸಿಟ್ಟು ಸಹಜ. ಹೋಟೆಲು ಮುಚ್ಚಿದರೆ ಕೆಲಸಗಾರನ ಗತಿ ಏನಾಗುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಸಿಟ್ಟನ್ನು ಅರ್ಜಿ ಹಾಕಿದವನ ಮೇಲೆ ತಿರುಗಿಸುವ ಕಲೆಯೊಂದುಂಟು, ಅದನ್ನು ಗಮನಿಸಬೇಕು. ಕಾನೂನಿನ ಮಿತಿಯಲ್ಲಿ ಐವತ್ತು ವರ್ಷ ತೆಗೆಯಬಹುದಾದ ಅದಿರನ್ನು ಐದು ವರ್ಷಗಳಲ್ಲಿ ದೋಚಿ, ನ್ಯಾಯಾಲಯವು ಬೀಗ ಹಾಕುವಂತೆ ಮಾಡಿದವರು ಯಾರು? ಕೂಲಿಯವನ ಅನ್ನವನ್ನು ಕಸಿದವರು ಅವರು, ಕಳ್ಳತನವನ್ನು ತೋರಿಸಿಕೊಟ್ಟವನಲ್ಲ. ಸಂಡೂರಿನ ಸೀಮೆಯಲ್ಲಿ ಗಣಿಗಳು ಪೂರ್ತಿ ನಿಂತುಹೋಗಿಯೂ ಇಲ್ಲ. ಮಿತಿಯನ್ನು ಗೊತ್ತುಪಡಿಸಿ, ಹರಾಜಿನ ಮೂಲಕ ಮಾರುವ ಕ್ರಮದಿಂದ ಬಹಳಷ್ಟು ಗಣಿಗಳು ಮತ್ತೆ ನಡೆದುವು. ಹಾಳಾದ ನೆಲವನ್ನೂ ಹಳ್ಳಿಗಳನ್ನೂ ಸರಿಪಡಿಸಲೆಂದು ಅದಿರಿನ ಮಾರಾಟದಿಂದಲೇ ಸಾವಿರಾರು ಕೋಟಿ ರೂಪಾಯಿಗಳನ್ನು ತೆಗೆದಿಡಿಸಿದ್ದೂ ಅದೇ ಸರ್ವೋಚ್ಚ ನ್ಯಾಯಾಲಯ. ಆ ಹಣವು ವರ್ಷಾನುಗಟ್ಟಲೆ ಖರ್ಚಾಗದೆ ಬಿದ್ದಿದ್ದುದಕ್ಕೆ ಹೋರಾಟಗಾರರು ಹೊಣೆಯಲ್ಲ.

ಎಲ್ಲ ಕಡೆಯೂ ಸೋಲೇ ಎಂದು ತಿಳಿಯಬೇಕಾಗಿಲ್ಲ. ಗದಗಿನ ಕಡೆಯವರಿಗೆ ಕಪ್ಪತಗುಡ್ಡವು ಬರಿಯ ಗುಡ್ಡವಲ್ಲ, ಔಷಧಿಯ ಭಂಡಾರ. ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿ ನೋಡೆಂಬ ಮಾತು ಆ ಸೀಮೆಯಲ್ಲಿದೆ. ಅದರ ಹೊಟ್ಟೆಯಲ್ಲಿ ಚಿನ್ನವೂ ಕಬ್ಬಿಣವೂ ಇದೆಯೆಂಬುದೇ ಅದಕ್ಕೆ ಕಂಟಕ. ೨೦೧೫ರ ಡಿಸೆಂಬರಿನಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರವು ೨೦೧೬ರ ನವೆಂಬರಿನಲ್ಲಿ ಆ ಆಜ್ಞೆಯನ್ನೇ ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮಠದಿಂದ ಹೊರಗೆ ಬಂದು ಧರಣಿ ಕೂತರು. ಅದಕ್ಕೂ ಮೊದಲು, ೨೦೧೧ರಲ್ಲಿ, ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿಯ ಎರೆಭೂಮಿ ಹೋಗುವುದನ್ನು ತಪ್ಪಿಸಿದವರೂ ಅವರೇ. ಅವರ ಹಿಂದೆ ರೈತರು, ವಿದ್ಯಾರ್ಥಿಗಳು, ವ್ಯಾಪಾರಿಗಳು, ಸಾಹಿತಿಗಳು ಕೂಡಿದರು. ೨೦೧೭ರ ಏಪ್ರಿಲಿನಲ್ಲಿ ಸರಕಾರವು ಹಿಂದಿನ ಆಜ್ಞೆಯನ್ನು ಮತ್ತೆ ಜಾರಿಗೆ ತಂದಿತು. ೨೦೧೯ರ ಮೇ ತಿಂಗಳಲ್ಲಿ ೨೪೪ ಚದರ ಕಿಲೋಮೀಟರುಗಳಷ್ಟು ಪ್ರದೇಶವು ವನ್ಯಧಾಮವೆನಿಸಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ. ೨೦೧೮ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಅಹಮದಾಬಾದಿಗೂ ಗದಗಿಗೂ ಇರುವ ವ್ಯತ್ಯಾಸವೇನು? ಧೈರ್ಯದಲ್ಲಿ ಇಬ್ಬರೂ ಸಮಾನರು. ಜೇಠ್ವಾ ಬಹುಮಟ್ಟಿಗೆ ಒಂಟಿಯಾಗಿದ್ದನು. ಅವನೊಬ್ಬನನ್ನು ತೆಗೆದರೆ ಅರ್ಜಿಯೂ ಸಾಯುತ್ತದೆಂದು ಕೊಂದವರು ಎಣಿಸಿದರು. ಗದಗಿನಲ್ಲಿ ಯಾರನ್ನು ತೆಗೆಯುವುದು? ಮಠದ ಪೀಠದಿಂದ ಹಿಡಿದು ಬಜಾರಿನ ಅಂಗಡಿಯವರೆಗೆ ಎಲ್ಲರೂ ಅರ್ಜಿದಾರರೇ ಆಗಿದ್ದರು. ಅರ್ಜಿಯ ಕೆಳಗೆ ಒಂದು ಸಹಿಯಿದ್ದರೆ ಅದು ಗುರಿ ಹಲಗೆ. ಐನೂರು ಸಹಿಗಳಿದ್ದರೆ ಗೋಡೆ.

ಪರಊರಿನಲ್ಲಿರುವ ನಾವು ಈ ಗೋಡೆಗೆ ಕಲ್ಲು ಸೇರಿಸಬಲ್ಲೆವು. ಊರಿನ ದೇವಸ್ಥಾನದ ಬ್ರಹ್ಮಕಲಶವೆಂದರೆ ರಸೀದಿ ಪುಸ್ತಕವು ಮುಂಬಯಿಗೂ ಪುಣೆಗೂ ತಪ್ಪದೆ ಬರುತ್ತದೆ. ತುಟ್ಟಿಯ ದಿನಗಳಲ್ಲಿಯೂ ನಾವು ಕೊಡುತ್ತೇವೆ, ಕೊಡಬೇಕಾದದ್ದೇ. ಆ ದೇವಸ್ಥಾನದ ಕೆರೆಯ ನೀರಿಗಾಗಿ, ಅದರ ಹಿಂದಿನ ಗುಡ್ಡಕ್ಕಾಗಿ ಕೋರ್ಟಿಗೆ ಅಲೆಯುತ್ತಿರುವವನ ವಕೀಲರ ಖರ್ಚಿಗೆ ನಮ್ಮ ಸಂಘಗಳು ಎಂದಾದರೂ ವಂತಿಗೆ ಎತ್ತಿವೆಯೇ? ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ೨೦೦೬ರ ಸೆಪ್ಟೆಂಬರ್ ೧೪ರ ಕೇಂದ್ರ ಸರಕಾರದ ಪ್ರಕಟಣೆಯ ಮೇರೆಗೆ ದೊಡ್ಡ ಗಣಿಗಳಿಗೆ ಒಪ್ಪಿಗೆ ಕೊಡುವ ಮೊದಲು ಆ ಸ್ಥಳದ ಸಮೀಪದಲ್ಲಿ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಬೇಕು. ಮೂವತ್ತು ದಿನಗಳ ಮೊದಲೇ ಪತ್ರಿಕೆಗಳಲ್ಲಿ ನೋಟೀಸು ಬರಬೇಕು. ಸಭೆಗೆ ಬರಲಾಗದಿದ್ದರೂ ಹಿತಸಂಬಂಧವುಳ್ಳವರು ಬರವಣಿಗೆಯಲ್ಲಿ ಆಕ್ಷೇಪಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು. ಊರಿನಲ್ಲಿ ನಿಮ್ಮ ಹೆಸರಿನಲ್ಲಿ ಅರ್ಧ ಎಕರೆ ತೋಟವಿದ್ದರೆ, ತಂದೆತಾಯಿಗಳು ಅಲ್ಲಿಯ ಬಾವಿಯ ನೀರನ್ನು ಕುಡಿಯುತ್ತಿದ್ದರೆ, ನಿಮಗೂ ಹಿತಸಂಬಂಧವುಂಟು. ಮಾಟುಂಗದಲ್ಲಿ ಕೂತು ಬರೆದ ಕಾಗದಕ್ಕೆ ಊರಿನ ಪುಢಾರಿಯ ಹ್ಯಾಪುಮೋರೆಯ ಭಯವಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೂ ಹಾಗೆಯೇ. ಒಬ್ಬನು ಕೇಳಿದ ಪ್ರಶ್ನೆಯನ್ನು ಐವತ್ತು ಮಂದಿ ಐವತ್ತು ಊರುಗಳಿಂದ ಕೇಳಲಿ. ಆಗ ಯಾರ ಮನೆಯ ಮೇಲೆ ಕಲ್ಲು ಎಸೆಯುವುದೆಂದು ಎಸೆಯುವವರಿಗೇ ತಿಳಿಯದು. ಇವೇನೂ ಆಗದಿದ್ದರೆ, ರಜೆಯಲ್ಲಿ ಊರಿಗೆ ಹೋದಾಗ ಬಸ್ಸು ನಿಲ್ದಾಣದ ಹರಟೆಯಲ್ಲಿ 'ಅವನಿಗೆ ಬೇರೆ ಕೆಲಸವಿಲ್ಲ' ಎಂಬ ಮಾತಿಗೆ ತಲೆದೂಗದಿರುವುದಾದರೂ ಆದೀತು. ಕೊಲೆಯು ಬಂದೂಕಿನಿಂದ ಆರಂಭವಾಗುವುದಿಲ್ಲ. ಊರಿನವರೆಲ್ಲ ಸೇರಿ ಒಬ್ಬನನ್ನು ಹಗುರ ಮಾಡುವುದರಿಂದ ಆರಂಭವಾಗುತ್ತದೆ.

ಇದರ ಅರ್ಥ ಸರಕಾರದ ಹೊಣೆ ಕಡಿಮೆಯಾಯಿತೆಂದಲ್ಲ. ಭ್ರಷ್ಟಾಚಾರವನ್ನು ಬಯಲಿಗೆಳೆದವರ ರಕ್ಷಣೆಗೆಂದು ಪಾರ್ಲಿಮೆಂಟು ೨೦೧೪ರಲ್ಲಿಯೇ ಒಂದು ಕಾಯಿದೆಯನ್ನು ಮಾಡಿತು. ರಾಷ್ಟ್ರಪತಿಗಳ ಅಂಕಿತವೂ ಅದೇ ವರ್ಷದ ಮೇ ತಿಂಗಳಲ್ಲಿ ಬಿತ್ತು. ದಶಕವೊಂದು ಕಳೆದ ಮೇಲೂ ಅದು ಜಾರಿಗೆ ಬರಲಿಲ್ಲ. ಕಾಯಿದೆಯ ಪುಸ್ತಕದಲ್ಲಿ ಮಲಗಿರುವ ಕಾಯಿದೆಯು ಬೆಟ್ಟದ ಮೇಲೆ ಯಾರನ್ನು ಕಾಯುತ್ತದೆ? ಸಾಕ್ಷಿಗಳ ರಕ್ಷಣೆಗೆ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಡಿಸೆಂಬರಿನಲ್ಲಿ ಒಂದು ಯೋಜನೆಯನ್ನು ಒಪ್ಪಿ ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿತು. ೨೦೨೩ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಅದಕ್ಕೊಂದು ಕಲಮು ಇದೆ. ಅದನ್ನು ತಾಲೂಕಿನ ಮಟ್ಟಕ್ಕೆ ಇಳಿಸಿ, ಗಣಿ ಮತ್ತು ಮರಳಿನ ಪ್ರಕರಣಗಳಲ್ಲಿ ದೂರು ಕೊಟ್ಟ ದಿನದಿಂದಲೇ ರಕ್ಷಣೆ ದೊರೆಯುವಂತೆ ಮಾಡಲು ಕರ್ನಾಟಕ ಸರಕಾರಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ.

ಬೇಗನೆ ಮಾಡಬೇಕಾದ ಕಾರಣವೂ ಇದೆ. ಕುದುರೆಮುಖದಲ್ಲಿ ಬಾಗಿಲು ಮುಚ್ಚಿದ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಯನ್ನು ಗೊತ್ತುಪಡಿಸಿದ್ದಾರೆ. ಸುಮಾರು ೪೦೧ ಹೆಕ್ಟೇರು ಕಾಡು, ಕಾಗದದ ಲೆಕ್ಕದ ಪ್ರಕಾರ ೯೯,೩೩೦ ಮರಗಳು. ೨೦೨೪ರ ಜೂನಿನಲ್ಲಿ ಕೇಂದ್ರದ ಉಕ್ಕಿನ ಮಂತ್ರಿಗಳು ಅದಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಮಂತ್ರಿಗಳು ಕಾಡನ್ನು ವಶಕ್ಕೆ ಕೊಡಕೂಡದೆಂದು ತಡೆದರು. ಇಬ್ಬರು ಮಂತ್ರಿಗಳ ನಡುವಿನ ಈ ಹಗ್ಗಜಗ್ಗಾಟದಲ್ಲಿ ಸಂಡೂರಿನ ಬೀದಿಗಳಲ್ಲಿ ಕರಪತ್ರ ಹಂಚಿ, ಸಹಿ ಕೂಡಿಸಿ, ಬೆಟ್ಟದ ಪರವಾಗಿ ಮಾತನಾಡುವ ಕೆಲವೇ ಜನರಿದ್ದಾರೆ. ಅವರು ದಿನವೂ ಅದೇ ಊರಿನಲ್ಲಿ, ಅದೇ ಲಾರಿಗಳು ಓಡಾಡುವ ರಸ್ತೆಯಲ್ಲಿಯೇ ನಡೆದು ಮನೆಗೆ ಹೋಗಬೇಕಾಗಿದೆ.